ಡಾಕ್ಟರರ ಕೈ, ಚಂದ್ರಕಲಾಳ ಸೂಜಿ

ಸುರಪುರದ ರಂಗಂಪೇಟೆಯಲ್ಲಿರುವ ಡಾಕ್ಟರ್ ವಿಶ್ವರಾಧ್ಯರ ದವಾಖಾನೆಗೆ ಬರುವವರಲ್ಲಿ ಅರ್ಧದಷ್ಟು ಮಂದಿ ಔಷಧಿಗಾಗಿ ಬರುತ್ತಿರಲಿಲ್ಲ, ಕೈಗಾಗಿ ಬರುತ್ತಿದ್ದರು. ರೋಗಿ ಸ್ಟೂಲಿನ ಮೇಲೆ ಕೂತ ಕೂಡಲೇ ಡಾಕ್ಟರು ತಮ್ಮ ಬಲಗೈಯನ್ನು ಅವನ ಬೆನ್ನಿನ ಮೇಲಿಡಬೇಕು. ಇಟ್ಟು ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಆಮೇಲೆ "ಏನೂ ಆಗಂಗಿಲ್ಲ, ನಡಿ" ಅನ್ನಬೇಕು. ಅಷ್ಟಾದರೆ ಅರ್ಧ ಜಡ್ಡು ಅಲ್ಲೇ ಇಳಿಯಿತೆಂದು ಕಕ್ಕೇರಾದಿಂದ ತಿಂಥಣಿಯವರೆಗಿನ ಜನ ನಂಬಿದ್ದರು. ಒಮ್ಮೆ ಡಾಕ್ಟರರ ಬಲಗೈ ಉಳುಕಿ ಪಟ್ಟಿ ಕಟ್ಟಿದ್ದಾಗ ಎಡಗೈ ಇಟ್ಟು ಕಳಿಸಿದ್ದರು. ಆ ರೋಗಿ ಮರುವಾರ ತಿರುಗಿ ಬಂದು, "ಎಡಗೈದು ಹತ್ತಲಿಲ್ರಿ" ಎಂದು ಹೇಳಿ, ಬಲಗೈ ಗುಣವಾಗುವ ತನಕ ತಾನೂ ಗುಣವಾಗದೆ ಕಾದ.

ಉಳಿದರ್ಧ ಜಡ್ಡನ್ನು ಇಳಿಸುವುದು ಸೂಜಿಯ ಪಾಲು. ಸೂಜಿ ಚಂದ್ರಕಲಾಳ ಪಾಲು.

ಚಂದ್ರಕಲಾ ಕಕ್ಕೇರಾದ ಹೆಣ್ಣುಮಗಳು. ಯಾದಗಿರಿಯಲ್ಲಿ ನರ್ಸಿಂಗ್ ಕಲಿತು, ಸರ್ಕಾರಿ ನೌಕರಿಯ ಆರ್ಡರ್ ಬರುವ ತನಕ ಅಂತ ಈ ದವಾಖಾನೆಗೆ ಸೇರಿದವಳು. ಆ ಆರ್ಡರ್ ಬರಲೇ ಇಲ್ಲ, ದಿನವೂ ಡಾಕ್ಟರರ ಆರ್ಡರ್ ಮಾತ್ರ ಬರುತ್ತಿತ್ತು. ಹಾಗೆಯೇ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಯಿತು. ನರ್ಸ್ ಎಂದರೆ ನರ ಹುಡುಕುವವಳು ಎಂಬುದು ಆ ಊರಿನ ವ್ಯುತ್ಪತ್ತಿ. ಆ ಲೆಕ್ಕದಲ್ಲಿ ಆಕೆ ಪಕ್ಕಾ ನರ್ಸು. ಎಂಥ ಒಣಗಿದ ಮುದುಕಿಯ ತೋಳಿನಲ್ಲೂ ಒಂದೇ ಚುಚ್ಚಿಗೆ ನರ ಸಿಗುತ್ತಿತ್ತು. ಊರಿಗೆಲ್ಲ ಅಕ್ಕ, ಯಾರ ಲೆಕ್ಕಕ್ಕೂ ಇಲ್ಲ.

ತನ್ನ ಕೆಲಸದ ಗೆರೆ ಎಲ್ಲಿದೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಬಿ.ಪಿ. ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಸಕ್ಕರೆ ಕಾಯಿಲೆಯವರಿಗೆ ಅಂಗಾಲು ನೋಡಿಕೊಳ್ಳಲು ಕಲಿಸುವುದು, ಬಸುರಿಯರ ತೂಕ, ಕೂಸುಗಳ ಲಸಿಕೆ, ಡಾಕ್ಟರು ಹೇಳಿದ ಸೂಜಿ. ಇವು ಆಕೆಯವು. ಇದು ಇಂಥ ಜಡ್ಡು, ಇದಕ್ಕೆ ಇಂಥ ಔಷಧಿ ಎಂದು ತೀರ್ಮಾನಿಸುವುದು ಆಕೆಯದಲ್ಲ. ಎಷ್ಟೋ ವರ್ಷ ಆಕೆ ಈ ಗೆರೆಯ ಈಚೆಗೇ ನಿಂತು ಕೆಲಸ ಮಾಡಿದಳು. ದಾಟಿದ್ದೂ ಹಾರಿಕೊಂಡೇನಲ್ಲ. ಆಕೆ ನಿಂತಲ್ಲೇ ನಿಂತಿದ್ದಳು, ಗೆರೆಯೇ ಕಾಲ ಕೆಳಗಿನಿಂದ ಸರಿದು ಹಿಂದಕ್ಕೆ ಹೋಯಿತು.

ಅದು ಶುರುವಾದದ್ದು ಡಾಕ್ಟರರ ಮರೆವಿನಿಂದ. ಮೊದಲು ಹೆಸರು ಮರೆತರು. ಸುರಪುರದಲ್ಲಿ ಕರೆದರೆ ಅರ್ಧ ಮಂದಿ ಮೌನೇಶರು, ಉಳಿದರ್ಧ ವೇಣುಗೋಪಾಲರು. ಅಲ್ಲಿ ಹೆಸರು ತಪ್ಪುವುದು ದೊಡ್ಡ ಮಾತಲ್ಲ. ಆಮೇಲೆ ಉಂಡದ್ದನ್ನು ಮರೆತು ಇನ್ನೊಮ್ಮೆ ತಾಟಿನ ಮುಂದೆ ಕೂತರು. ಅವರ ಹೆಂಡತಿ ಶಿವಬಸಮ್ಮ ಸುಮ್ಮನೆ ಅರ್ಧ ರೊಟ್ಟಿ ಹಾಕಿದರು. ಅದಾದ ಮೇಲೆ ಒಂದು ದಿನ, ಗಜಕರ್ಣ ತೋರಿಸಲು ಬಂದವನ ಬೆನ್ನ ಮೇಲೆ ಕೈಯಿಟ್ಟು, ಚೀಟಿಯಲ್ಲಿ ಭೇದಿ ನಿಲ್ಲುವ ಗುಳಿಗೆ ಬರೆದರು. ಚಂದ್ರಕಲಾ ಹಿಂದಿನಿಂದ ಬಗ್ಗಿ ನೋಡಿ, ಮೆಲ್ಲಗೆ, "ಸರ್, ಮುಲಾಮು ಅಂದಿದ್ರಲ್ರಿ" ಎಂದಳು.

"ಹೌದು, ಮುಲಾಮು" ಎಂದರು ಡಾಕ್ಟರು. "ಬರಿ ನೀನು."

ಆಕೆ ಬರೆದಳು. ಅವರು ಸಹಿ ಹಾಕಿದರು. ಸಹಿ ಮಾತ್ರ ಅವರಿಗೆ ಕೊನೆಯ ತನಕ ಮರೆಯಲಿಲ್ಲ.

ಅಲ್ಲಿಂದ ಆಚೆ ದಿನಕ್ಕೊಂದು ಎಳೆ ಈ ಕಡೆಗೆ ಬಂತು. ಡಾಕ್ಟರು ಕೈಯಿಡುವರು, ಆಕೆ ಕೇಳುವಳು. ಡಾಕ್ಟರು ತಲೆಯಾಡಿಸುವರು, ಆಕೆ ಬರೆಯುವಳು. ಡಾಕ್ಟರರ ಮರೆವಿಗೆ ಆಕೆಯೇ ಮರೆಯಾದಳು. ಜನರಿಗೆ ವ್ಯತ್ಯಾಸ ಕಾಣಲಿಲ್ಲ. ಅವರ ಕಣ್ಣೆಲ್ಲ ಆ ಕೈಯ ಮೇಲೆ. ಕಂಡುಹಿಡಿದವನು ಒಬ್ಬನೇ, ಪಕ್ಕದ ಮೆಡಿಕಲ್ ಅಂಗಡಿಯ ಸೂಗಪ್ಪ.

"ಅಕ್ಕೋರ, ಒಂದು ಮಾತು ಕೇಳ್ಲಿ?" ಎಂದ ಒಂದು ಸಂಜೆ, ಅಂಗಡಿಯ ಕಟ್ಟೆಯ ಮೇಲೆ ಮೊಣಕೈಯೂರಿ. "ಈಗೀಗ ಡಾಕ್ಟರ ಚೀಟಿ ನನಗ ಓದಾಕ ಬರಾಕತ್ತದ. ಅದಕ್ಕ ಸಂಶಯ ಬಂದದ್ದು."

"ಓದಾಕ ಬಂದ್ರ ಛಲೋನ ಆತಲ್ಲ."

"ಛಲೋ ಆತು ಖರೆ. ಆದ್ರ ಹಿಂದ ಓದಾಕ ಬರತಿದ್ದಿಲ್ಲ, ಫಿಕರ್ ಇದ್ದಿಲ್ಲ. ಈಗ ಓದಾಕ ಬರತದ, ಫಿಕರ್ ಹತ್ಯಾದ."

ಆಕೆ ನಕ್ಕು ಹೋದಳು. ಮರುದಿನ ಬೆಳಿಗ್ಗೆ ಶಿವಬಸಮ್ಮನ ಮುಂದೆ ನಿಂತು, ಯಜಮಾನರನ್ನು ಕಲಬುರಗಿಯ ದೊಡ್ಡ ಡಾಕ್ಟರರಿಗೆ ತೋರಿಸಬೇಕು, ದವಾಖಾನೆ ಮುಚ್ಚಬೇಕು ಎಂದಳು. ಶಿವಬಸಮ್ಮ ಪೂಜೆಯ ವಿಭೂತಿ ಹಚ್ಚಿಕೊಂಡ ಹಣೆಯನ್ನು ಬಾಗಿಲಿಗೆ ಆನಿಸಿ ನಿಂತರು.

"ಕಲಾ, ಆ ಕುರ್ಚಿ ಮ್ಯಾಲ ಕುಂತಾಗ ಅಷ್ಟ ಅವರು ಅವರಾಗಿರ್ತಾರ. ಮನ್ಯಾಗ ನನ್ನ ಹೆಸರು ಕೇಳ್ತಾರವ್ವ. ಕುರ್ಚಿ ತಗದ್ರ ಏನು ಉಳೀತದ? ನೀ ಇದ್ದೀಯಲ್ಲ. ನಿನಗೆಲ್ಲ ಗೊತ್ತದ. ಇಷ್ಟು ವರ್ಷ ನೋಡೀದಿ, ಕೇಳೀದಿ."

ನಿನಗೆಲ್ಲ ಗೊತ್ತದ. ಈ ಮಾತು ಚಂದ್ರಕಲಾಳಿಗೆ ಹಿತವಾಗಿ ಕೇಳಿಸಿತು, ಅದೇ ಕೆಟ್ಟದ್ದಾಯಿತು. ಜ್ವರ, ಕೆಮ್ಮು, ಭೇದಿ, ಮೈಕೈ ನೋವು. ಬರುವವು ಇಷ್ಟೇ, ಔಷಧಿಯೂ ಅಷ್ಟೇ, ಡಾಕ್ಟರರ ಬಾಯಿಂದ ಸಾವಿರ ಸಲ ಕೇಳಿದ್ದೇ. ಗುಣವಾದವರು ಬಂದು ಡಾಕ್ಟರರ ಕಾಲು ಮುಟ್ಟಿ ಹೋಗುವಾಗ ಪರದೆಯ ಪಕ್ಕದಲ್ಲಿ ನಿಂತ ಆಕೆಯ ಎದೆಯಲ್ಲಿ ಸಣ್ಣದೊಂದು ದೀಪ ಹತ್ತುತ್ತಿತ್ತು. ಗುಣ ಯಾರದೆಂದು ತನಗೊಬ್ಬಳಿಗೇ ಗೊತ್ತು ಎನ್ನುವ ದೀಪ. ಬೆಳಕಿಗಿಂತ ಹೊಗೆ ಹೆಚ್ಚು ಕೊಡುವ ಜಾತಿಯದು.

ಮರಿಲಿಂಗಮ್ಮ ಬಂದದ್ದು ಬೇಸಿಗೆಯ ಒಂದು ಮುಂಜಾನೆ. ತಿಂಥಣಿಯ ಹೊಳೆದಂಡೆಯ ಹೆಂಗಸು. ಗಂಡ ಮೌನಪ್ಪ ಕೃಷ್ಣೆಯಲ್ಲಿ ಬಲೆ ಹಾಕುವವನು. ಈಕೆ ಮೀನಿನ ಬುಟ್ಟಿ ಹೊತ್ತು ಸುರಪುರದ ಸಂತೆಗೆ ಬರುವವಳು. ಆ ದಿನ ಬುಟ್ಟಿಯನ್ನು ಯಾರದೋ ವಶಕ್ಕೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಎದಿ ಉರೀತದ್ರಿ ಅಕ್ಕೋರ. ನಿನ್ನೆ ಮಿರ್ಚಿ ಭಜಿ ತಿಂದಿದ್ದೆ. ಮೀನು ಮಾರೋ ಬಾಯಿ, ಖಾರ ಇಲ್ಲಂದ್ರ ನಡಿಯಂಗಿಲ್ಲ."

"ಬರೇ ಉರಿಯೋ, ನೋವೂ ಅದನೋ?"

"ಹೆಗಲು ಜಗ್ಗತದ. ಬುಟ್ಟಿ ಹೊರೋ ಹೆಗಲು, ಜಗ್ಗದ ಏನು ಮಾಡ್ತದ?"

ಬಿ.ಪಿ. ಒಂದಿಷ್ಟು ಕಡಿಮೆ ಇತ್ತು. ಬಿಸಿಲಿಗೆ ಇರಬಹುದು. ಮೈ ಬೆವೆತಿತ್ತು. ಸುರಪುರದ ಬೇಸಿಗೆಯಲ್ಲಿ ಬೆವರದಿರುವವು ಗುಡ್ಡದ ಬಂಡೆಗಳು ಮಾತ್ರ. ಚಂದ್ರಕಲಾಳ ತಲೆಯಲ್ಲಿ ಯಾವುದೋ ಒಂದು ಅನುಮಾನ ಬಾಲ ಅಲ್ಲಾಡಿಸಿತು, ಅದರ ಮುಖ ಮಾತ್ರ ಕಾಣಲಿಲ್ಲ. ಹಿಂದಾಗಿದ್ದರೆ ಆಕೆ ಹೇಳುತ್ತಿದ್ದಳು: ಸರ್, ಬಿ.ಪಿ. ಕಮ್ಮಿ ಅದ, ಬೆವತಾಳ, ನೋಡ್ರಿ. ನೋಡುವುದು ಅವರ ಪಾಲಾಗಿರುತ್ತಿತ್ತು. ಈಗ ಹೇಳುವವಳೂ ಆಕೆಯೇ, ಕೇಳುವವಳೂ ಆಕೆಯೇ.

ಡಾಕ್ಟರು ಮರಿಲಿಂಗಮ್ಮನ ಬೆನ್ನ ಮೇಲೆ ಕೈಯಿಟ್ಟರು. ಆ ದಿನ ಕೈ ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ಇತ್ತು. ಅವರು ಕತ್ತು ತಿರುಗಿಸಿ ಚಂದ್ರಕಲಾಳನ್ನು ನೋಡಿದರು, ತುಟಿ ಅಲುಗಿತು. ನಾಲಗೆಯ ತುದಿಗೆ ಬಂದ ಯಾವುದೋ ಪದವನ್ನು ಹುಡುಕುವವರ ಹಾಗೆ ಕಂಡರು. ಆ ಪದ ಸಿಗಲಿಲ್ಲ. ಸಿಕ್ಕಿದ್ದು ಹಳೆಯದೇ.

"ಏನೂ ಆಗಂಗಿಲ್ಲ, ನಡಿ."

ಚಂದ್ರಕಲಾ ಅಸಿಡಿಟಿಯ ಸೂಜಿ ಹಾಕಿದಳು. "ಕಮ್ಮಿ ಆಗಲಿಲ್ಲಂದ್ರ ದೊಡ್ಡ ದವಾಖಾನಿಗೆ ಹೋಗಬೇಕು ನೋಡ್ರಿ" ಎಂದೂ ಹೇಳಿದಳು.

"ಆಗಲೇ ಕಮ್ಮಿ ಆತ್ರಿ. ಕೈ ಇಟ್ರಲ್ಲ" ಎಂದಳು ಮರಿಲಿಂಗಮ್ಮ. ಹೋಗುವಾಗ ಬಾಗಿಲಲ್ಲಿ ನಿಂತು, "ಐತವಾರ ಬಾಳಿಮೀನು ತರತೀನಿ ನಿಮಗ. ಡಾಕ್ಟರ ಮನ್ಯಾಗ ಲಿಂಗವಂತರು, ಅವರಿಗೆ ಬರೇ ವಾಸನಿ ಬಿಟ್ಟು ಹೋಗ್ತೀನಿ" ಎಂದು ನಗಿಸಿದಳು.

ಎದೆಯ ಪಟ್ಟಿ ತೆಗೆಯುವ ಇ.ಸಿ.ಜಿ. ಯಂತ್ರ ತಾಲೂಕು ಆಸ್ಪತ್ರೆಯಲ್ಲಿತ್ತು. ರಂಗಂಪೇಟೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಮರಿಲಿಂಗಮ್ಮ ಅದರ ಮುಂದೆಯೇ ಹಾದು ತಿಂಥಣಿಯ ಟಂಟಂ ಆಟೋ ಹತ್ತಿದಳು. ಊರು ಮುಟ್ಟುವ ಮೊದಲೇ ಪಕ್ಕದವಳ ಹೆಗಲಿಗೆ ತಲೆಯಿಟ್ಟಳು. ನಿದ್ದೆ ಬಂದಿರಬೇಕೆಂದು ಆ ಹೆಂಗಸು ಅಲುಗಾಡದೆ ಕೂತಿದ್ದಳಂತೆ.

ಸುದ್ದಿ ತಂದವನು ಸೂಗಪ್ಪ. "ಹಾರ್ಟ್ ಅಂತ್ರಿ" ಎಂದಷ್ಟೇ ಹೇಳಿ, ಅಂಗಡಿಗೆ ಯಾರೂ ಬಂದಿರದಿದ್ದರೂ, ಗಿರಾಕಿ ಬಂದಾನ ಎಂದು ಹೋದ.

ಶಿವಬಸಮ್ಮನಿಗೂ ತಿಳಿಯಿತು. "ಮಂದಿ ಸಾಯ್ತಾರ ಕಲಾ" ಎಂದರು. "ದೊಡ್ಡ ದೊಡ್ಡ ದವಾಖಾನ್ಯಾಗೂ ಸಾಯ್ತಾರ."

"ಹೌದ್ರಿ ಅಮ್ಮಾರ. ಅಲ್ಲಿ ಡಾಕ್ಟರ ಇರ್ತಾರ."

ಮುಂದಿನ ರಜೆಯಲ್ಲಿ ಚಂದ್ರಕಲಾ ಯಾದಗಿರಿಯ ಬಸ್ಸು ಹತ್ತಿದಳು. ಶಹಾಪುರದಲ್ಲಿ ಬುದ್ಧನ ಹಾಗೆ ಮಲಗಿದ ಗುಡ್ಡ ಕಿಟಕಿಯಲ್ಲಿ ಕಂಡಿತು. ಆ ವಾರವಿಡೀ ನಿದ್ದೆ ಮಾಡಿದ್ದು ಆ ಗುಡ್ಡವೊಂದೇ ಅನ್ನಿಸಿತು. ಭೀಮೆಯ ಸೇತುವೆ ದಾಟಿ, ಹಳೆಯ ಊರಿನ ಓಣಿಯೊಂದರಲ್ಲಿ ತನಗೆ ನರ್ಸಿಂಗ್ ಕಲಿಸಿದ ಖುರ್ಷೀದಬೇಗಂ ಅವರ ಮನೆ ಹುಡುಕಿಕೊಂಡು ಹೋದಳು. ಬೇಗಂ ಈಗ ನಿವೃತ್ತರು. ಅಂಗಳದಲ್ಲಿ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತ, ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದೆರಡು ಕೆಟ್ಟ ಬೀಜ ಎಸೆದರು.

"ಡಾಕ್ಟರ ಪೂರಾ ಹೋಶಿನ್ಯಾಗ ಇದ್ರೂ ಆಕಿ ಸಾಯ್ತಿದ್ಲೇನೋ" ಎಂದರು ಕಡೆಗೆ. "ಯಾರಿಗೆ ಗೊತ್ತು?"

"ಅದನ್ನೇ ಅಂದ್ಕೋಬೇಕಂತ ಮಾಡ್ತೀನ್ರಿ ಮೇಡಂ. ಆಗವಲ್ದು."

"ಆಗಬಾರದು ಅದು. ನೀ ಸೂಜಿ ತಪ್ಪು ಹಾಕಿಲ್ಲ. ಹಾಕಾಕ ಹೇಳೋರು ಯಾರೂ ಇಲ್ಲದ ಹಾಕೀದಿ. ತಪ್ಪು ಸೂಜಿ ಹಾಕಿದ್ರ ಒಂದು ಸಲದ್ದು. ಇದು ದಿನಾ ಮಾಡೀದಿ."

ಚಂದ್ರಕಲಾ ಮೊರದಿಂದ ಒಂದು ಶೇಂಗಾ ತೆಗೆದುಕೊಂಡು ಬಿಡಿಸಲಾಗದೆ ಕೈಯಲ್ಲೇ ಹಿಡಿದಳು. "ರಜಿಸ್ಟ್ರೇಷನ್ ಹೋಗ್ತದೇನ್ರಿ?"

"ಹೋಗಬಹುದು. ಹೋಗದನೂ ಇರಬಹುದು. ಅದನ್ನ ಕೇಳಾಕ ಇಷ್ಟು ದೂರ ಬಂದಿಯೇನು?"

"ಇಲ್ರಿ."

"ಮತ್ತ?"

"ಹೇಳಬೇಕಾಗಿತ್ತು ಯಾರ್ಗರ."

"ನನಗ ಹೇಳೀದಿ, ಹೊಟ್ಟಿ ಹಗುರ ಆತು, ಅಷ್ಟ. ನಾ ಏನು ಆಕಿ ಗಂಡನೇನು?" ಬೇಗಂ ಎದ್ದು ಸೆರಗು ಝಾಡಿಸಿದರು. "ಚಾ ಕುಡದು ಹೋಗು. ಶಹಾಪುರದ ಬಸ್ಸು ಈಗ ಸಿಗಂಗಿಲ್ಲ."

ಸಮಾಧಾನ ಸಿಕ್ಕೀತೆಂದು ಹೋದವಳಿಗೆ ಚಹಾ ಸಿಕ್ಕಿತು. ಅದೂ ಸಕ್ಕರೆ ಕಡಿಮೆ.

ತಿಂಥಣಿಗೆ ತಾನೇ ಹೋಗಬೇಕೆಂದು ಆಕೆ ಮನಸ್ಸು ಮಾಡಿದಳು, ಆದರೆ ಇವತ್ತು ನಾಳೆ ಎಂದು ಮುಂದೂಡಿದಳು. ಅಷ್ಟರಲ್ಲಿ ಮೌನಪ್ಪನೇ ಬಂದ. ತಲೆ ಬೋಳಿಸಿದ್ದ; ಬಿಸಿಲಿಗೆ ಕಪ್ಪಾದ ಮುಖದ ಮೇಲೆ ಆ ಬೋಳು ಬೇರೆಯವರ ತಲೆಯಂತೆ ಕಾಣುತ್ತಿತ್ತು. ಜೊತೆಗೆ ಮದುವೆಗೆ ಬಂದ ಮಗಳು ಉಮಾ. ತಾಯಿ ಹೋದಾಗಿನಿಂದ ಅವಳಿಗೆ ಅನ್ನ ಒಳಗಿಳಿಯುತ್ತಿರಲಿಲ್ಲ, ಸಂಜೆಯಾದರೆ ಮೈ ಕಾಯುತ್ತಿತ್ತು.

"ಅಕ್ಕೋರ, ಇಕಿಗೂ ಒಂದೀಟು ಕೈ ಇಡಸ್ರಿ" ಎಂದ ಮೌನಪ್ಪ. "ಅವರವ್ವಗ ಇಟ್ಟಿದ್ರಲ್ಲ. ಹೋಗೋ ಮುಂದ ತ್ರಾಸ ಆಗಲಿಲ್ರಿ. ನಿದ್ದಿ ಬಂದಂಗ ಹೋಗ್ಯಾಳ. ನಾ ಎಲ್ಲಾರ ಮುಂದೂ ಹೇಳೀನಿ, ಡಾಕ್ಟರ ಕೈ ಮುಟ್ಟಿತ್ತಂತ ಸಾವೂ ಹಗುರ ಆತಂತ."

ಪಡಸಾಲೆಯಲ್ಲಿ ಕೂತಿದ್ದ ಮಂದಿ ಹೌದೌದೆಂದು ತಲೆಯಾಡಿಸಿದರು. ಚಂದ್ರಕಲಾ ಅಪ್ಪ ಮಗಳನ್ನು ಕರೆದುಕೊಂಡು ಹಿತ್ತಲ ಮೆಟ್ಟಿಲಿಗೆ ಹೋದಳು. ಅಲ್ಲಿ ಪಟ್ಟಿ ಬಟ್ಟೆಗಳು ಒಣಗುತ್ತಿದ್ದವು. ನಿಂತೇ ಹೇಳಿದಳು. ಡಾಕ್ಟರಿಗೆ ಬಹಳ ದಿನದಿಂದ ನೆನಪು ಸರಿ ಇಲ್ಲ ಎಂದಳು. ಅವರು ಕೈಯಿಡುತ್ತಾರೆ ಅಷ್ಟೇ, ಔಷಧಿ ತಾನು ಹೇಳುವುದು ಎಂದಳು. ಅಸಿಡಿಟಿ ಎಂದು ತಾನೇ ತಿಳಿದುಕೊಂಡು ಸೂಜಿ ಹಾಕಿದೆ, ಎದೆಯ ಪಟ್ಟಿ ತೆಗೆಸಲು ಕಳಿಸಬೇಕಾಗಿತ್ತು, ಕಳಿಸಲಿಲ್ಲ ಎಂದಳು.

ಮೌನಪ್ಪ ಒಣಗುವ ಬಟ್ಟೆಗಳ ಕಡೆ ತಿರುಗಿದ.

"ನಿಮಗ ಗೊತ್ತಾಗಲಿಲ್ಲ, ಹೌದಿಲ್ರಿ?" ಎಂದ.

"ಇಲ್ಲ."

"ಡಾಕ್ಟರಿಗೆ?"

"ಅವರಿಗೂ ಇಲ್ಲ."

"ಮತ್ತ ಆ ಖೋಲ್ಯಾಗ ಗೊತ್ತಿದ್ದವರು ಯಾರಿದ್ರಿ?"

"ಯಾರೂ ಇದ್ದಿಲ್ಲ" ಎಂದಳು ಚಂದ್ರಕಲಾ.

ಉಮಾ ಮುಖ ಮುಚ್ಚಿಕೊಂಡಳು. ಮೌನಪ್ಪ ಮಗಳ ಹೆಗಲು ಹಿಡಿದ. "ಇದನ್ನ ನೀವು ಹೇಳಬಾರದಿತ್ರಿ ಅಕ್ಕೋರ" ಎಂದ, ಸಿಟ್ಟಿಲ್ಲದೆ. "ನಾನೂ ಬ್ಯಾರೆ ಕಡಿಗೆ ಒಯ್ಯಬೌದಿತ್ತು. ಆ ದಿನ ಹೊಳ್ಯಾಗ ಬಲಿ ಹಾಕಾಕ ಹೋಗಿದ್ದೆ. ಕೈ ಮುಟ್ಟಿತ್ತು, ಹೋಗೋದಿತ್ತು ಹೋದ್ಲು ಅಂದ್ಕೊಂಡು ಇದ್ದೆ. ಈಗ ಹೆಂಗ ಅಂದ್ಕೊಳ್ಳಿ?"

ಉಮಾಳನ್ನು ತಾಲೂಕು ಆಸ್ಪತ್ರೆಗೆ ತಾನೇ ಕರೆದೊಯ್ಯುತ್ತೇನೆ ಎಂದಳು ಚಂದ್ರಕಲಾ. ಬ್ಯಾಡ್ರಿ ಎಂದು ಅವನು ಹಿತ್ತಲ ಬಾಗಿಲಿನಿಂದಲೇ ಮಗಳನ್ನು ನಡೆಸಿಕೊಂಡು ಹೋದ. ಆಸ್ಪತ್ರೆಯ ಕಡೆ ತಿರುಗಿದನೋ, ಟಂಟಂ ನಿಲ್ಲುವ ಕಡೆಗೋ, ಮೆಟ್ಟಿಲಿನಿಂದ ಕಾಣಲಿಲ್ಲ.

ಚಂದ್ರಕಲಾ ಒಳಗೆ ಬಂದು ಪಡಸಾಲೆಯ ನಡುವೆ ನಿಂತಳು. ಡಾಕ್ಟರಿಗೆ ಆರಾಮಿಲ್ಲ, ಇನ್ನು ಮುಂದೆ ಯಾರನ್ನೂ ನೋಡುವುದಿಲ್ಲ, ಇಷ್ಟು ದಿನ ಔಷಧಿ ಬರೆದವಳು ನಾನು, ಅದು ನನ್ನ ಕೆಲಸವಲ್ಲ, ಎಲ್ಲರೂ ಸರ್ಕಾರಿ ಆಸ್ಪತ್ರೆಗೆ ಹೋಗಿರಿ ಎಂದಳು. ಯಾರೂ ಏಳಲಿಲ್ಲ. ಕಕ್ಕೇರಾದ ಮುದುಕನೊಬ್ಬ ಮಾತ್ರ, "ನಂದು ನಂಬರ್ ಬಂದಾದ್ರಿ, ನನ್ನದೊಂದು ಮುಗಿಸಿ ಬಂದ್ ಮಾಡ್ರಿ" ಎಂದ.

ಶಿವಬಸಮ್ಮ ಒಳಗಿನಿಂದ ಬಂದರು. ಬೈಯಲಿಲ್ಲ. "ಮಗಳಂಗ ನೋಡಿಕೊಂಡಿದ್ದೆ" ಎಂದು ಹೇಳಿ ಗಂಡನ ಕೈ ಹಿಡಿದು ಎಬ್ಬಿಸಿದರು. ಡಾಕ್ಟರು ಎದ್ದು, ಸ್ಟೂಲಿನ ಮೇಲೆ ಯಾರೂ ಇಲ್ಲದ್ದನ್ನು ನೋಡಿ, "ಎಲ್ಲಾರೂ ಗುಣ ಆದ್ರೇನು?" ಎಂದು ಕೇಳಿದರು. ಹೌದ್ರಿ ಎಂದಳು ಚಂದ್ರಕಲಾ. ಆ ದವಾಖಾನೆಯಲ್ಲಿ ಆಕೆ ಆಡಿದ ಕೊನೆಯ ಮಾತು ಅದು, ಮತ್ತು ಅದು ಸುಳ್ಳು.

ತಾನು ಮಾಡಿದ್ದನ್ನೆಲ್ಲ ಬರೆದು ನರ್ಸಿಂಗ್ ಕೌನ್ಸಿಲ್‌ಗೆ ಕಳಿಸಿದಳು. ಉತ್ತರ ಬರುವ ತನಕ ಎಲ್ಲೂ ಕೆಲಸಕ್ಕೆ ಹೋಗುವುದಿಲ್ಲ ಎಂದಳು. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವ ಗಂಡ ಬಸಲಿಂಗ, "ಕಳ್ಳನ್ನ ಹಿಡಿಯೋ ಪೊಲೀಸ ಕಂಡೀನಿ, ತನ್ನ ತಾನ ಹಿಡಕೊಂಡಾಕಿನ್ನ ಈಗ ಕಾಣಾಕತ್ತೀನಿ" ಎಂದ. ಊರು ಬೈಯುತ್ತದೆ, ಬೈದರೆ ಬೈಯಲಿ ಎಂದು ಆಕೆ ಗಟ್ಟಿ ಮಾಡಿಕೊಂಡು ಕೂತಳು.

ಊರು ಬೈಯಲಿಲ್ಲ. ಬೈಯದೇ ಇರುವುದು ಅದಕ್ಕಿಂತ ಕೆಡುಕಾಯಿತು. ಪಡಸಾಲೆಯಲ್ಲಿ ಆಕೆ ಆಡಿದ ಮಾತನ್ನು ಊರು ಕೇಳಿತ್ತು, ತನಗೆ ಬೇಕಾದ ಹಾಗೆ. ಇಷ್ಟು ದಿನ ಔಷಧಿ ಕೊಟ್ಟವಳು ಅಕ್ಕ, ಗುಣವಾದದ್ದು ಖರೆ, ಅಂದಮೇಲೆ ಕೈ ಡಾಕ್ಟರದಲ್ಲ, ಅಕ್ಕನದು. ಸರಳ ಲೆಕ್ಕ. ಮರಿಲಿಂಗಮ್ಮನ ಹೆಸರು ಆ ಲೆಕ್ಕದಲ್ಲಿ ಬರಲಿಲ್ಲ; ಅವಳಿಗೆ ಹೋಗುವುದಿತ್ತು. ಮನೆಯ ಮುಂದೆ ಚಪ್ಪಲಿಗಳು ಸಾಲುಗಟ್ಟತೊಡಗಿದವು. ಆಕೆ ಬಾಗಿಲಲ್ಲೇ ನಿಂತು, ನಾನು ಡಾಕ್ಟರಲ್ಲ, ಆಸ್ಪತ್ರೆಗೆ ಹೋಗಿ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸಿದಳು. ಅಕ್ಕಗ ಸೊಕ್ಕು ಬಂದದ ಎಂದು ಆಗ ಬೈದರು.

ಮಲ್ಲಿಕಮ್ಮ ಎಂಬ ನಡುವಯಸ್ಸಿನ ಹೆಂಗಸು ಮಾತ್ರ ಕದಲಲಿಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟಳು. ಹೊಟ್ಟೆಯಲ್ಲಿ ಗಂಟಿನಂಥ ನೋವು, ಹದಿನೈದು ದಿನದಿಂದ.

"ಸೂಜಿ ಬ್ಯಾಡ್ರಿ ಹೋಗಲಿ. ಬೆನ್ನ ಮ್ಯಾಲ ಕೈಯರ ಇಡ್ರಿ. ಅದಕ್ಕೇನು ಡಿಗ್ರಿ ಬೇಕೇನು?"

"ಕೈ ಇಟ್ರ ನಿಮಗ ಕಮ್ಮಿ ಆದಂಗ ಅನಸ್ತದ. ಕಮ್ಮಿ ಆತಂತ ಮನಿಗೆ ಹೋಗ್ತೀರಿ. ಬ್ಯಾಡ. ಬರ್ರಿ, ನಾ ಜೋಡಿ ಬರ್ತೀನಿ ಆಸ್ಪತ್ರಿಗೆ. ಪಾಳಿಗೆ ನಾನ ನಿಂದ್ರತೀನಿ."

"ಅಲ್ಲಿ ಯಾರೂ ಮುಟ್ಟಂಗಿಲ್ರಿ. ಮಾರಿ ನೋಡದ ಬರದು ಕಳಸ್ತಾರ. ನಿಮಗ ಮುಟ್ಟಾಕ ಹೇಸಿಗಿ ಏನು?"

ಚಂದ್ರಕಲಾ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಬರ್ರಿ, ಹೋಗೂಣು" ಎಂದಳು ಮತ್ತೆ.

ಮಲ್ಲಿಕಮ್ಮ ಹೊಟ್ಟೆ ಹಿಡಿದುಕೊಂಡು ಎದ್ದಳು. ಚಂದ್ರಕಲಾ ಚಪ್ಪಲಿ ಮೆಟ್ಟಿಕೊಳ್ಳಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಓಣಿಯ ತುದಿ ಮುಟ್ಟಿದ್ದಳು. ಅಲ್ಲಿಂದ ಆಸ್ಪತ್ರೆಗೆ ಹೋಗುವವರು ಬಲಕ್ಕೆ ತಿರುಗಬೇಕು. ಎಡಕ್ಕೆ ಬಜಾರ, ಅಲ್ಲಿ ಯಾವ ಓದೂ ಇಲ್ಲದೆ, ಏನನ್ನೂ ಕೇಳದೆ, ಬಂದವರಿಗೆಲ್ಲ ಸೂಜಿ ಚುಚ್ಚುವವನ ಅಂಗಡಿ ಇತ್ತು. ಮಲ್ಲಿಕಮ್ಮ ಎಡಕ್ಕೆ ತಿರುಗಿದಳು.

ಚಂದ್ರಕಲಾ ಕೂಗಿದಳು. ಮತ್ತೊಮ್ಮೆ ಕೂಗಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಓಣಿಯ ಮಂದಿ ನೋಡುತ್ತಿದ್ದಂತೆ, ಅವಳ ಹಿಂದೆ ಓಡಿದಳು.